ಅಳಿಸಿಹೋದ ಹೆಬ್ಬೆಟ್ಟು: ಕಲಬುರಗಿ ಸೀಮೆಯ ಒಂದು ರೇಷನ್ ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಯಾರನ್ನೂ ಹೊಡೆದಿಲ್ಲ. ಯಾರನ್ನೂ ಲಾಕಪ್ಪಿಗೆ ಹಾಕಿಲ್ಲ. ವಯಸ್ಸಾದ ಒಬ್ಬ ಹೆಣ್ಣುಮಗಳಿಗೆ ಮೂರು ತಿಂಗಳು ರೇಷನ್ ಸಿಗಲಿಲ್ಲ, ಅಷ್ಟೇ. ತಿಂಗಳಿಗೆ 10 ಕೆಜಿಯಂತೆ 30 ಕೆಜಿ. ಅವರ ಹೆಬ್ಬೆಟ್ಟನ್ನು ಮಷಿನ್ ಗುರುತಿಸಲಿಲ್ಲ ಅನ್ನೋದೊಂದೇ ಕಾರಣ.

ಮಾನವ ಹಕ್ಕು ಅಂದ ಕೂಡಲೇ ನಮ್ಮ ತಲೆಗೆ ಬರೋದು ಯುದ್ಧ, ಲಾಠಿ, ಜೈಲು. ನನಗೂ ಹಾಗೇ ಇತ್ತು. ನಾನು ಕಲಬುರಗಿ ಜಿಲ್ಲೆಯಲ್ಲಿ ಉಚಿತ ಕಾನೂನು ನೆರವಿನ ಕೆಲಸ ಮಾಡುವ ಸ್ವಯಂಸೇವಕ. ವಕೀಲನಲ್ಲ. ಅರ್ಜಿ ಬರೆದುಕೊಡೋದು, ಜೊತೆಗೆ ಕಚೇರಿಗೆ ಹೋಗೋದು, ಯಾವ ಟೇಬಲ್ಲಿಗೆ ಹೋಗಬೇಕು ಅಂತ ತೋರಿಸೋದು ನನ್ನ ಕೆಲಸ. ವರ್ಷಾವರ್ಷ ಡಿಸೆಂಬರ್ 10ಕ್ಕೆ ಮಾನವ ಹಕ್ಕುಗಳ ದಿನಾಚರಣೆಯಲ್ಲಿ ಕುರ್ಚಿ ಹಾಕಿದ್ದೇನೆ, ಬ್ಯಾನರ್ ಕಟ್ಟಿದ್ದೇನೆ. ಆ ದಿನ ಆಡುವ ಮಾತುಗಳ ಅರ್ಥ ನನಗೆ ಸರಿಯಾಗಿ ಹತ್ತಿದ್ದು ಈ ಕೇಸಿನಲ್ಲಿ. ಊರಿನ ಹೆಸರು, ಕಚೇರಿಯ ಹೆಸರು ಬರೆಯುವುದಿಲ್ಲ. ಆ ಹೆಣ್ಣುಮಗಳನ್ನು ಊರವರು ಕರೆಯುವ ಹಾಗೆ ಆಯಿ ಅಂತಲೇ ಕರೆಯುತ್ತೇನೆ.

ಆಯಿಯ ಕೈ

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ನೆಲ ಅಗೆದರೆ ಸುಣ್ಣದಕಲ್ಲು. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ನಾಡಿಗೆಲ್ಲ ಗೊತ್ತಿರುವ ಶಹಾಬಾದ್ ಕಲ್ಲು ಇದೇ. ನಮ್ಮ ಕಡೆ ಪರ್ಸಿ ಅನ್ನುತ್ತಾರೆ. ಭೂಮಿಯಲ್ಲಿ ಪದರ ಪದರವಾಗಿ ಕೂತಿರುತ್ತದೆ. ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ರೊಟ್ಟಿಯ ಪದರ ಬಿಟ್ಟ ಹಾಗೆ ಬಿಡುತ್ತದೆ. ಹಾಗೆ ಎದ್ದ ಹಾಸನ್ನು ಎತ್ತೋದು, ಹೊರೋದು, ಒಂದರ ಮೇಲೊಂದು ನಿಲ್ಲಿಸೋದು, ಪಾಲಿಶ್ ಮಷಿನ್ ಕೆಳಗೆ ತಿರುಗಿಸಿ ಕೊಡೋದು. ಇದರಲ್ಲಿ ಹೆಣ್ಣುಮಕ್ಕಳ ಪಾಲು ಜಾಸ್ತಿ. ಪಾಲಿಶ್ ಮಾಡುವಾಗ ಮೇಲಿಂದ ನೀರು ಬೀಳುತ್ತಲೇ ಇರುತ್ತದೆ. ಕಲ್ಲಿನ ಹಿಟ್ಟು ಬೆರೆತ ಆ ನೀರು ಹಾಲಿನಷ್ಟು ಬೆಳ್ಳಗಿರುತ್ತದೆ. ದಿನವಿಡೀ ಕೈ ಅದರಲ್ಲೇ.

ಆಯಿ ಆ ಕೆಲಸ ಮಾಡಿದ್ದು ಹೆಚ್ಚೂಕಡಿಮೆ 40 ವರ್ಷ. ಈಗ ವಯಸ್ಸು 70 ದಾಟಿದೆ. ನಾನು ಅವರ ಕೈ ಹಿಡಿದು ನೋಡಿದೆ. ಅಂಗೈ ಒರಟು, ಅಲ್ಲಲ್ಲಿ ಗಟ್ಟಿ ಗಂಟು. ಬೆರಳ ತುದಿ ಮಾತ್ರ ನುಣ್ಣಗೆ. ಬೆಳಕಿಗೆ ಹಿಡಿದರೆ ಗೆರೆಯೇ ಕಾಣುವುದಿಲ್ಲ. ಪಾಲಿಶ್ ಮಾಡಿದ ಪರ್ಸಿ ಹೇಗಿರುತ್ತದೋ ಹಾಗೆ.

2025ರ ಬೇಸಿಗೆಯವರೆಗೂ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಮಗ ಇದ್ದ. ಒಂದೇ ಕಾರ್ಡಿನಲ್ಲಿ ಇಬ್ಬರ ಹೆಸರು. ಪ್ರತಿ ತಿಂಗಳು ಥಂಬ್ ಕೊಟ್ಟು ರೇಷನ್ ತರುತ್ತಿದ್ದದ್ದು ಅವನೇ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರೂ ಅವನದೇ. ಬೇಸಿಗೆಯಲ್ಲಿ ಮಗ ತೀರಿಕೊಂಡ. ಕಾರ್ಡಿನಿಂದ ಅವನ ಹೆಸರು ತೆಗೆದರು. ರೀಚಾರ್ಜ್ ಇಲ್ಲದೆ ನಂಬರ್ ಬಂದ್ ಆಯಿತು. ಕಾರ್ಡಿನಲ್ಲಿ ಉಳಿದದ್ದು ಆಯಿ ಒಬ್ಬರೇ, ಅವರ ಸವೆದ ಬೆರಳು ಅಷ್ಟೇ.

ಮೂರು ತಿಂಗಳು

ಜೂನ್‌ನಲ್ಲಿ ಆಯಿ ಮೊದಲ ಸಲ ತಾವೇ ರೇಷನ್ ಅಂಗಡಿಗೆ ಹೋದರು. ಹೆಬ್ಬೆಟ್ಟು ಒತ್ತಿದರು. ಹೊಂದಲಿಲ್ಲ. ಸೆರಗಿನಿಂದ ಒರೆಸಿ ಒತ್ತಿದರು. ಪಕ್ಕದವರು ಹೇಳಿದಂತೆ ತಲೆಗೂದಲಿಗೆ ತಿಕ್ಕಿ ಒತ್ತಿದರು. ಡೀಲರ್ ಒದ್ದೆ ಬಟ್ಟೆ ಕೊಟ್ಟ. ಹತ್ತೂ ಬೆರಳು ಮುಗಿದವು. "ಆಯಿ, ಮುಂದಿನ ತಿಂಗಳ ಬಾ, ನೋಡೂಣು" ಅಂದ.

ಆ ಡೀಲರ್ ಕೆಟ್ಟವನಲ್ಲ. ಇದನ್ನು ಹೇಳಲೇಬೇಕು. ಥಂಬ್ ಇಲ್ಲದೆ ಅಕ್ಕಿ ಕೊಟ್ಟರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅವನ ದಾಸ್ತಾನಿನಲ್ಲೇ ಉಳಿಯುತ್ತದೆ. ನಾಳೆ ತಪಾಸಣೆಗೆ ಬಂದವರು ಕಡಿಮೆ ಬಂತು ಅಂದರೆ ಅವನ ಲೈಸೆನ್ಸಿಗೇ ಕುತ್ತು. ಆಯಿ ಯಾರು ಅಂತ ಅವನಿಗೆ ಚಿಕ್ಕಂದಿನಿಂದ ಗೊತ್ತು. ಆದರೆ ಅವನಿಗೆ ಗೊತ್ತಿರೋದು ಲೆಕ್ಕಕ್ಕೆ ಬರುವುದಿಲ್ಲ.

ಜುಲೈನಲ್ಲಿ ಮತ್ತೆ ಅದೇ ಆಯಿತು. ಆ ತಿಂಗಳು ಅವರ ಊರಿನಲ್ಲಿ ನಮ್ಮ ಕಾನೂನು ಅರಿವು ಶಿಬಿರ ಇತ್ತು. ಮುಗಿದ ಮೇಲೆ ಆಯಿ ಹತ್ತಿರ ಬಂದು ಕೈ ತೋರಿಸಿದರು. "ಮಷಿನ್‌ಗ ನನ್ನ ಬಟ್ಟ ಗುರ್ತ ಹತ್ತವಲ್ದಂತ ತಮ್ಮಾ. ಊರಾಗ ಎಲ್ಲರಿಗೂ ನಾ ಗುರ್ತ ಅದೀನಿ. ನಾ ಏನ್ ಸತ್ತೀನೇನು?" ಬಟ್ಟ ಅಂದರೆ ನಮ್ಮ ಕಡೆ ಬೆರಳು. ನಾನು ಏನಂದೆ ಗೊತ್ತಾ? ಮುಂದಿನ ತಿಂಗಳು ಇನ್ನೊಮ್ಮೆ ನೋಡಿ ಆಯಿ, ಸರ್ವರ್ ತೊಂದರೆ ಇರಬಹುದು ಅಂದೆ. ಬಸ್ಸಿಗೆ ಹೊತ್ತಾಗಿತ್ತು. ಅವತ್ತೇ ಕೂತು ಅರ್ಜಿ ಬರೆದಿದ್ದರೆ ಆಗಸ್ಟ್ ತಿಂಗಳ ರೇಷನ್ ಆದರೂ ಉಳಿಯುತ್ತಿತ್ತು. ಆ ತಪ್ಪು ನನ್ನದೇ.

ಆ ವರ್ಷ ನಮ್ಮಲ್ಲಿ ಮಳೆ ವಿಪರೀತ. ಹೆಸರು, ಉದ್ದು ಹೊಲದಲ್ಲೇ ಕೊಳೆತವು. ತೊಗರಿಯಲ್ಲಿ ನೀರು ನಿಂತಿತು. ಹೊಲದ ಕೂಲಿಯೂ ಇಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬ್ಯಾಂಕಿನ ಖಾತೆಗೆ ಬೀಳುತ್ತಿತ್ತು. ಊರಿಗೇ ಬರುವ ಬ್ಯಾಂಕ್ ಮಿತ್ರನ ಹತ್ತಿರವೂ ಹೆಬ್ಬೆಟ್ಟಿನ ಮಷಿನ್. ಅಲ್ಲೂ ಅದೇ ಕತೆ. ಹಣ ಬೇಕೆಂದರೆ ಪಾಸ್‌ಬುಕ್ ಹಿಡಿದು ತಾಲ್ಲೂಕಿನ ಶಾಖೆಗೇ ಹೋಗಬೇಕಿತ್ತು.

ಅಕ್ಕಪಕ್ಕದವರು ಉಪವಾಸ ಬಿಡಲಿಲ್ಲ. ಒಂದು ಮನೆಯಿಂದ ರೊಟ್ಟಿ, ಇನ್ನೊಂದು ಮನೆಯಿಂದ ನುಚ್ಚು, ಪಲ್ಯ. ಇದು ಶರಣಬಸವೇಶ್ವರರ ದಾಸೋಹದ ಸೀಮೆ. ಹಸಿದು ಬಂದವರನ್ನು ಯಾರು, ಎಲ್ಲಿಯವರು ಅಂತ ಕೇಳದೆ ಉಣ್ಣಿಸುವ ಪದ್ಧತಿ ನಮ್ಮ ಜನರ ಮೈಯಲ್ಲೇ ಇದೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಆಯಿ ಒಂದು ದಿನ ಹೇಳಿದ ಮಾತು ನನ್ನ ಬಾಯಿ ಕಟ್ಟಿತು. "ಅವರು ಪ್ರೀತಿಲೆ ಕೊಡ್ತಾರ. ಖರೆ ಅವರ ಮನಿ ಬಾಗಿಲಿಗಿ ಹೋಗೂಮುಂದ ನನ್ನ ಕಾಲ ಭಾರ ಆಗ್ತಾವ. ರೇಷನ್ ನಂದು. ನಂದು ನಾ ತರಾಕ ಹೋಗೂದು ಬ್ಯಾರೆ."

ನೆರೆಯವರು ಕೊಟ್ಟದ್ದು ಅವರ ಒಳ್ಳೆಯತನ. ನಾಳೆ ಅವರಿಗೇ ಕಷ್ಟ ಬಂದರೆ ನಿಂತುಹೋಗುತ್ತದೆ, ಆಗ ಅವರನ್ನು ಕೇಳುವ ಹಾಗೂ ಇಲ್ಲ. ಹಕ್ಕು ಅಂದರೆ ಕೊಡುವವರ ಮನಸ್ಸು ಹೇಗಿದೆ ಅಂತ ನೋಡಬೇಕಾಗಿಲ್ಲದ್ದು, ತಲೆ ಎತ್ತಿ ಕೇಳಬಹುದಾದದ್ದು. ನಮ್ಮ ಯೋಜನೆಗೆ ಅನ್ನಭಾಗ್ಯ ಅಂತ ಹೆಸರು. ಚೆಂದದ ಹೆಸರೇ. ಆದರೆ ಭಾಗ್ಯ ಅಂದಾಗ ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಅನ್ನುವ ಅರ್ಥವೂ ಹಿಂದೆಯೇ ಬರುತ್ತದೆ. ಆಯಿಯ ಊರಿನಲ್ಲಿ ಎಷ್ಟೋ ಜನ "ಆಕಿ ನಸೀಬ ಸರಿ ಇಲ್ಲ" ಅಂದುಬಿಟ್ಟಿದ್ದರು.

ಕಾಗದದಲ್ಲಿ ಏನಿತ್ತು

ಆಗಸ್ಟ್ ರೇಷನ್ನೂ ತಪ್ಪಿದ ಮೇಲೆ ನಾನು ಕೂತು ಓದಿದೆ. ಓದಿದಷ್ಟೂ ಸಂಕಟ ಆಯಿತು. ಆಯಿಯ ಕಡೆ ಇದ್ದ ಕಾನೂನು ಕಡಿಮೆಯದೇನಲ್ಲ.

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಆಯಿಯ ಹತ್ತಿರ ಇರುವಂಥ ಕಾರ್ಡಿಗೆ ತಲೆಗೆ 5 ಕೆಜಿ ಧಾನ್ಯ ಈ ಕಾಯ್ದೆಯ ಪ್ರಕಾರ ಬರಬೇಕು. ಮೇಲಿನ 5 ಕೆಜಿ ಆಗ ರಾಜ್ಯದ ಅನ್ನಭಾಗ್ಯದ್ದು. ಅದಕ್ಕೆ ಬದಲಾಗಿ ಕೊಡುತ್ತಿದ್ದ ಹಣ ನಿಲ್ಲಿಸಿ 2025ರ ಫೆಬ್ರವರಿಯಿಂದ ಅಕ್ಕಿಯನ್ನೇ ಕೊಡಲು ಶುರು ಮಾಡಿದ್ದರು. ಕಾಯ್ದೆಯ 8ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಿಗಬೇಕಾದ ಧಾನ್ಯ ಸಿಗದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಅಂತ ಹಣ ಕೊಡಬೇಕು. ದೂರು ಕೇಳಲು ಪ್ರತಿ ಜಿಲ್ಲೆಗೆ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ.

ಹೆಬ್ಬೆಟ್ಟಿನ ವಿಷಯಕ್ಕೂ ಉತ್ತರ ಇತ್ತು. 2017ರಲ್ಲಿ ಜಾರ್ಖಂಡ್‌ನ ಸಿಮ್ಡೇಗಾದಲ್ಲಿ 11 ವರ್ಷದ ಹುಡುಗಿ ತೀರಿಕೊಂಡಳು. ಆಧಾರ್ ಜೋಡಣೆ ಇಲ್ಲ ಅಂತ ಅವರ ಮನೆಯ ರೇಷನ್ ಕಾರ್ಡ್ ರದ್ದಾಗಿತ್ತು. ಹಸಿವಿನಿಂದಲೇ ಸತ್ತಳು ಅಂತ ತಾಯಿ ಹೇಳಿದರು, ಆಡಳಿತ ಒಪ್ಪಲಿಲ್ಲ. ದೇಶವೆಲ್ಲ ಸುದ್ದಿಯಾಯಿತು. ಅದೇ ವರ್ಷ ಅಕ್ಟೋಬರ್ 24ರಂದು ಕೇಂದ್ರದ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಆಧಾರ್ ಇಲ್ಲ ಅಂತಾಗಲಿ, ಬೆರಳು ಹೊಂದಲಿಲ್ಲ ಅಂತಾಗಲಿ ಯಾರಿಗೂ ರೇಷನ್ ನಿರಾಕರಿಸಬಾರದು. ಅಂಥವರಿಗೆ ಬೇರೆ ಗುರುತು ನೋಡಿ ಕೊಟ್ಟು, ಅದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಮಾರನೇ ವರ್ಷ, 2018ರ ಸೆಪ್ಟೆಂಬರ್ 26ರಂದು, ಸುಪ್ರೀಂ ಕೋರ್ಟ್ ಆಧಾರ್ ಕಾನೂನನ್ನು 4:1ರ ಬಹುಮತದಲ್ಲಿ ಬಹುಪಾಲು ಎತ್ತಿಹಿಡಿಯಿತು. ಆ ಬಹುಮತದ ತೀರ್ಪಿನಲ್ಲೂ ಬೆರಳು ಹೊಂದದಿದ್ದರೆ ಅರ್ಹರನ್ನು ಹೊರಗಿಡಬಾರದು ಅನ್ನುವ ಮಾತಿದೆ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದರು.

ಅಂದರೆ ಆಯಿಯ ಸಮಸ್ಯೆಗೆ ಪರಿಹಾರ ಎಂಟು ವರ್ಷದ ಹಿಂದೆಯೇ ಬರೆದಾಗಿತ್ತು. ಅದು ದಿಲ್ಲಿಯಿಂದ ಹೊರಟು ಆಯಿಯ ಊರಿನ ಅಂಗಡಿ ಮುಟ್ಟಿರಲಿಲ್ಲ.

84 ದಿನ

ನಾವು ತಾಲ್ಲೂಕು ಕಚೇರಿಗೆ ಹೋದದ್ದು ಸೆಪ್ಟೆಂಬರ್ 16, ಮಂಗಳವಾರ. ಮಾರನೇ ದಿನ ಕಲ್ಯಾಣ ಕರ್ನಾಟಕ ಉತ್ಸವ. ಅಂಗಳದಲ್ಲಿ ಧ್ವಜದ ಕಟ್ಟೆಗೆ ಸುಣ್ಣ ಬಳಿಯುತ್ತಿದ್ದರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದು ನಮ್ಮ ಭಾಗ ಭಾರತಕ್ಕೆ ಸೇರಿತು. ಅಲ್ಲಿಂದ ಸರಿಯಾಗಿ 84 ದಿನಕ್ಕೆ, ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. 48 ದೇಶ ಪರ, 8 ತಟಸ್ಥ, ವಿರುದ್ಧ ಒಂದೂ ಇಲ್ಲ. ಒಂದೇ ವರ್ಷದ ಈ ಎರಡು ತಾರೀಖನ್ನು ನಾವು ಬೇರೆ ಬೇರೆ ಹಬ್ಬವಾಗಿ ಆಚರಿಸುತ್ತೇವೆ. ಅವತ್ತು ಬೆಂಚಿನ ಮೇಲೆ ಆಯಿಯ ಪಕ್ಕ ಕೂತಾಗ ಎರಡೂ ಒಂದೇ ಮಾತು ಹೇಳುತ್ತಿವೆ ಅನ್ನಿಸಿತು. ನೀನು ಯಾವ ದೊರೆಯ ಆಳೂ ಅಲ್ಲ, ಯಾರ ದಯೆಯ ಮೇಲೂ ಇಲ್ಲ, ನೀನು ಮನುಷ್ಯಳು, ನಿನಗೆ ಲೆಕ್ಕದಲ್ಲಿ ಜಾಗ ಇದೆ.

ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಎಲ್ಲ ಗಂಡಸರೂ ಅನ್ನುವ ಅರ್ಥ ಬರುವಂಥ ಪದ ಇತ್ತು. ಅದನ್ನು ಎಲ್ಲ ಮನುಷ್ಯರೂ ಅಂತ ಬದಲಾಯಿಸಬೇಕು ಅಂತ ಹಟ ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಹಾಗಾಗಿ ಆಯಿಯಂಥವರು ಆ ಕಾಗದದೊಳಗೆ ಬಂದದ್ದರ ಹಿಂದೆ ನಮ್ಮ ದೇಶದ ಹೆಣ್ಣುಮಗಳ ಕೈ ಇದೆ. ಹಕ್ಕು ಅನ್ನೋದು ಹೊರಗಿನಿಂದ ಬಂದ ವಿಚಾರ, ನಮ್ಮದಲ್ಲ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

25ನೇ ವಿಧಿಯಲ್ಲಿ ಅನ್ನ, ಬಟ್ಟೆ, ಮನೆ, ಔಷಧ, ಮುಪ್ಪಿನಲ್ಲಿ ಆಸರೆ ಎಲ್ಲ ಇದೆ. ಆಯಿಯ ಕೇಸಿಗೆ ಅದೇ ಹತ್ತಿರ ಅಂತ ಮೊದಲು ಅಂದುಕೊಂಡಿದ್ದೆ. ಈಗ ನನಗೆ 6ನೇ ವಿಧಿ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದೇ ವಾಕ್ಯದ ವಿಧಿ. ಯಾರೇ ಆಗಲಿ, ಎಲ್ಲೇ ಇರಲಿ, ಕಾನೂನಿನ ಎದುರು ವ್ಯಕ್ತಿ ಅಂತ ಗುರುತಿಸಿಕೊಳ್ಳುವ ಹಕ್ಕು ಅವರಿಗಿದೆ ಅನ್ನೋದು ಅದರ ಸಾರ. "ನಾ ಏನ್ ಸತ್ತೀನೇನು?" ಅಂತ ಆಯಿ ಕೇಳಿದ್ದು ಅದನ್ನೇ ಅಲ್ವಾ? ಮನುಷ್ಯರನ್ನು ಮನುಷ್ಯರು ಅಂತ ಮೊದಲು ಒಪ್ಪಬೇಕು. ಗುರುತು ಪತ್ತೆ ಮಾಡುವ ಕೆಲಸ ಆಮೇಲಿನದು, ಅದು ಸರ್ಕಾರದ ಹೊರೆ. ಇಲ್ಲಿ ಆಗಿದ್ದು ಉಲ್ಟಾ. ತಾನು ತಾನೇ ಅಂತ ತೋರಿಸುವ ಹೊರೆಯನ್ನು 70 ದಾಟಿದ ಮುದುಕಿಯ ಬೆರಳ ಮೇಲೆ ಹಾಕಿದ್ದರು.

ಇದು ಬಡವರ ಊರಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್‌ನಂಥ ಶ್ರೀಮಂತ ದೇಶದಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ತಂದೆತಾಯಂದಿರನ್ನು ತೆರಿಗೆ ಇಲಾಖೆ ಮೋಸಗಾರರು ಅಂತ ತಪ್ಪಾಗಿ ಗುರುತು ಮಾಡಿತು. ಯಾರ ಮೇಲೆ ಅನುಮಾನ ಪಡಬೇಕು ಅಂತ ಆರಿಸುವುದರಲ್ಲಿ ಕಂಪ್ಯೂಟರಿನ ಕೈಯೂ ಇತ್ತು. ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ದೇಶ ಬೇರೆ, ಭಾಷೆ ಬೇರೆ. ಕಿಟಕಿಯ ಆಚೆ ಕೂತವರ ಉತ್ತರ ಮಾತ್ರ ಒಂದೇ: ಸಿಸ್ಟಮ್ ಹಾಗೆ ಹೇಳುತ್ತಿದೆ. ಇವತ್ತಿನ ಕಾಲಕ್ಕೆ ಸಾರ್ವತ್ರಿಕ ಹಕ್ಕು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಮಷಿನ್ ಇಲ್ಲ ಅಂದಾಗ ಹೌದು ಅನ್ನಲು ಒಂದು ಮಾತು ಬೇಕು. ಆ ಮಾತು ಯಾವ ಮಷಿನ್ನಿಗೂ ಕೈಗೆಟುಕದಷ್ಟು ಮೇಲಿರಬೇಕು.

ಮಷಿನ್ ಬಂದದ್ದು ಸುಮ್ನೆ ಅಲ್ಲ. ಅದೂ ನಿಜ. ಹಿಂದೆ ಸತ್ತವರ ಹೆಸರಿನಲ್ಲಿ, ಇಲ್ಲದವರ ಹೆಸರಿನಲ್ಲಿ ಕಾರ್ಡ್ ಇದ್ದವು. ಅಕ್ಕಿ, ಸೀಮೆಎಣ್ಣೆ ಕಾಳಸಂತೆಗೆ ಹೋಗುತ್ತಿತ್ತು. ಅದನ್ನು ತಡೆಯಲೇಬೇಕಿತ್ತು. ಆದರೆ ಸುಳ್ಳು ಕಾರ್ಡಿಗೆ 10 ಕೆಜಿ ಹೋದರೆ ಖಜಾನೆಗೆ ನಷ್ಟ. ಆಯಿಗೆ 10 ಕೆಜಿ ತಪ್ಪಿದರೆ ಆಯಿಗೆ ಊಟವಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅರ್ಜಿ ಕೊಟ್ಟ ಮೇಲೆ

ಕಚೇರಿಯ ಗುಮಾಸ್ತರು ಮೊದಲು "ಸಿಸ್ಟಮ್ ಒಪ್ಪಂಗಿಲ್ರಿ, ನಾವೇನ್ ಮಾಡೂದು" ಅಂದರು. ನಾನು 2017ರ ಪತ್ರದ ಪ್ರಿಂಟ್ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದನ್ನ ನನಗ ಯಾರೂ ತೋರಿಸಿಲ್ರಿ" ಅಂದರು. ಆ ಮಾತು ನಿಜ ಅಂತಲೇ ನನಗೆ ಅನ್ನಿಸಿತು. ಅರ್ಜಿ ತಗೊಂಡು, ನಮ್ಮ ಪ್ರತಿಯ ಮೇಲೆ ಸೀಲು ಒತ್ತಿ, ತಾರೀಖು ಬರೆದು ಕೊಟ್ಟರು. ಆ ಕಚೇರಿಯ ನೆಲಕ್ಕೂ ಹಾಸಿದ್ದು ಪರ್ಸಿಯೇ. ಹೊರಗೆ ಬರುವಾಗ ಆಯಿ ಬಗ್ಗಿ ಬೆರಳಿನಿಂದ ಒಂದು ಕಲ್ಲಿನ ಅಂಚು ಮುಟ್ಟಿ ನೋಡಿದರು. ಒಳ್ಳೆ ಕಲ್ಲು ಅಂದರು, ಅಷ್ಟೇ.

ಹತ್ತು ದಿನದ ಮೇಲೆ ಆಹಾರ ನಿರೀಕ್ಷಕರು ಊರಿಗೆ ಬಂದರು. ಅಂಗಡಿಯಲ್ಲಿ ಹೊಸ ರಿಜಿಸ್ಟರ್ ತೆರೆಸಿದರು. ಮೊದಲ ಪುಟ, ಮೊದಲ ಸಾಲು ಆಯಿಯದು. ರೇಷನ್ ಕಾರ್ಡ್ ನೋಡಿ, ಊರಿನ ಇಬ್ಬರ ಸಾಕ್ಷಿ ಸಹಿ ತಗೊಂಡು ಸೆಪ್ಟೆಂಬರ್ ತಿಂಗಳ ಧಾನ್ಯ ಕೊಡಿಸಿದರು. ಆಯಿಗೆ ಸಹಿ ಬಾರದು. ಇಂಕ್ ಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ ಕಾಗದದ ಮೇಲೆ ಒತ್ತಿದರು. ನಾನು ಹತ್ತಿರ ಹೋಗಿ ನೋಡಿದೆ. ಮೊಟ್ಟೆಯ ಆಕಾರದ ನೀಲಿ ಕಲೆ. ಒಳಗೆ ಒಂದೂ ಗೆರೆ ಇಲ್ಲ. ನಿರೀಕ್ಷಕರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ ಪಕ್ಕದಲ್ಲಿ ಆಯಿಯ ಹೆಸರು ಬರೆದು ಕೆಳಗೆ ತಮ್ಮ ಸಹಿ ಹಾಕಿದರು.

ಮುಂದಿನ ತಿಂಗಳು ಆಯಿಯನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಆಧಾರ್ ತಿದ್ದುಪಡಿ ಮಾಡಿಸಿದೆವು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಅದೊಂದು ಅನುಕೂಲ. ಆಧಾರ್‌ಗೆ ಕಣ್ಣಿನ ಚಿತ್ರವನ್ನೂ ತೆಗೆಯುತ್ತಾರೆ. ಆಯಿಯ ಎಡಗಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿನ ಚಿತ್ರ ಮೂರನೇ ಸಲಕ್ಕೆ ಬಂತು. ಪಿಂಚಣಿ ಹಣದಲ್ಲಿ ಒಂದು ಕೀಪ್ಯಾಡ್ ಫೋನ್ ಕೊಂಡು ಅದರ ನಂಬರ್ ಜೋಡಿಸಿದೆವು. ಈಗ ಒಟಿಪಿ ಬರುತ್ತದೆ. ಓದಿ ಹೇಳೋದು ಡೀಲರ್. ಸಿಗ್ನಲ್ ಇಲ್ಲದ ತಿಂಗಳು ಮತ್ತೆ ರಿಜಿಸ್ಟರೇ ಗತಿ.

ತಪ್ಪಿದ ಮೂರು ತಿಂಗಳಿಗೆ 8ನೇ ಕಲಮಿನ ಪ್ರಕಾರ ಭತ್ಯೆ ಕೇಳಿ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ. ಇನ್ನೂ ಬಂದಿಲ್ಲ. ಬಿಡುವುದಿಲ್ಲ, ಬೇಕಾದರೆ ರಾಜ್ಯ ಆಹಾರ ಆಯೋಗದವರೆಗೂ ಹೋಗುತ್ತೇವೆ. ಅಷ್ಟು ಸಣ್ಣ ಮೊತ್ತಕ್ಕೆ ಯಾಕೆ ಓಡಾಡ್ತೀರಿ ಅಂತ ಕೇಳಿದವರಿದ್ದಾರೆ. ಆಯಿ ಸೀಲು ಬಿದ್ದ ಆ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟ್ರಂಕಿನಲ್ಲಿ ಮಗನ ಫೋಟೋದ ಕೆಳಗೆ ಇಟ್ಟಿದ್ದಾರೆ.

ನಿಮ್ಮ ಊರಿನಲ್ಲೂ ಇಂಥವರು ಇದ್ದರೆ ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ಬರೆದು ಕೊಡಿ, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ರೇಷನ್ ದೂರಿಗೆ 1967, ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ.

ಮೊನ್ನೆ ಅಂಗಡಿಯ ಮುಂದೆ ನಿಂತಿದ್ದೆ. ರಿಜಿಸ್ಟರಿನಲ್ಲಿ ಆಯಿಯ ಕೆಳಗೆ ಇನ್ನೂ ಮೂರು ಹೆಸರು ಬಂದಿವೆ. ಅವರಲ್ಲಿ ಇಬ್ಬರು ಖಣಿಯಲ್ಲಿ ದುಡಿದವರೇ. ಸಾಲಿನಲ್ಲಿದ್ದ ಒಬ್ಬ ಮುದುಕ ಹೆಬ್ಬೆಟ್ಟು ಒತ್ತಿ, ಹೊಂದಲಿಲ್ಲ ಅಂದಾಗ ರುಮಾಲು ತೆಗೆದು ತಲೆಗೆ ಬೆರಳು ತಿಕ್ಕತೊಡಗಿದ. ಹಿಂದೆ ಚೀಲ ಹಿಡಿದು ನಿಂತಿದ್ದ ಆಯಿ ಅಂದರು: "ಬಟ್ಟ ತಿಕ್ಕಬ್ಯಾಡ ಅಣ್ಣಾ. ಬುಕ್ ತಗಿ ಅನ್ನು."